ಪಿಂಚಣಿಯ ಭಯದಲ್ಲಿ ಹಾಕಿದ ಮತ: ಸ್ಕಾಟ್ಲೆಂಡ್ ಸ್ವಾತಂತ್ರ್ಯ, ರಾಜಕೀಯ ಮತ್ತು ಸುದ್ದಿಮನೆಗಳ ಕುರಿತು

ಡಂಡೀ ನಿವೃತ್ತ ವೈದ್ಯ:

ನಾನು ದಾವಣಗೆರೆಯವನು. 1976ರಲ್ಲಿ ಸ್ಕಾಟ್ಲೆಂಡಿನ ಡಂಡೀ ನಗರಕ್ಕೆ ಬಂದು ಅರಿವಳಿಕೆ ವೈದ್ಯನಾಗಿ ದುಡಿದೆ. 2014ರ ಮಾರ್ಚ್‌ನಲ್ಲಿ, 65 ತುಂಬಿದ ತಿಂಗಳಲ್ಲೇ, ನಿವೃತ್ತನಾದೆ. ಅದೇ ವರ್ಷದ ಸೆಪ್ಟೆಂಬರ್ 18ರಂದು ಇಲ್ಲಿನ ಜನರ ಮುಂದೆ ಒಂದೇ ಸಾಲಿನ ಪ್ರಶ್ನೆಯನ್ನು ಇಡಲಾಯಿತು: ಸ್ಕಾಟ್ಲೆಂಡ್ ಸ್ವತಂತ್ರ ದೇಶವಾಗಬೇಕೆ? ನನ್ನ ಊರು ಶೇಕಡಾ 57ರಷ್ಟು ಮತಗಳಿಂದ ಹೌದು ಎಂದಿತು. ಒಟ್ಟು 32 ಸ್ಥಳೀಯ ಆಡಳಿತ ಪ್ರದೇಶಗಳಲ್ಲಿ ಹೌದು ಎಂದದ್ದು ಡಂಡೀ, ಗ್ಲಾಸ್ಗೋ, ಪಶ್ಚಿಮ ಡನ್‌ಬಾರ್ಟನ್‌ಶೈರ್ ಮತ್ತು ಉತ್ತರ ಲ್ಯಾನಾರ್ಕ್‌ಶೈರ್ ಮಾತ್ರ. ಇಡೀ ದೇಶದ ಲೆಕ್ಕದಲ್ಲಿ ಇಲ್ಲ ಎಂದವರು ಶೇಕಡಾ 55.3, ಹೌದು ಎಂದವರು 44.7. ನಾನು ಇಲ್ಲ ಎಂದವರ ಪೈಕಿ ಒಬ್ಬ.

ಈ ಮತದ ಬಗ್ಗೆ ಇಷ್ಟು ವರ್ಷ ಮನೆಯ ಹೊರಗೆ ಮಾತನಾಡಿರಲಿಲ್ಲ. ನಾನು ಹಾಕಿದ ಮತ ತಪ್ಪೆಂದು ಹೇಳಲು ಇಂದು ಬರೆಯುತ್ತಿಲ್ಲ. ಅದು ಸರಿಯೂ ಆಗಿದ್ದಿರಬಹುದು. ಆದರೆ ಆ ಮತ ಹಾಕಿದ್ದಕ್ಕೆ ಇದ್ದ ಕಾರಣ ನನ್ನದಾಗಿರಲಿಲ್ಲ, ಅದನ್ನು ಬೇರೆಯವರು ನನ್ನ ಕೈಗೆ ಕೊಟ್ಟಿದ್ದರು ಎಂಬುದು ನನಗೆ ನಿಧಾನವಾಗಿ ಅರಿವಾಯಿತು.

ಕಾರಣ ಪಿಂಚಣಿ. ನಿವೃತ್ತಿಯ ಮೊದಲ ಬೇಸಿಗೆಯಲ್ಲಿ ನನ್ನ ಮನೆಯ ಬಾಗಿಲಿಗೆ ಬಂದ ಕರಪತ್ರಗಳಲ್ಲಿ, ನಾನು ದಿನವೂ ತರಿಸುತ್ತಿದ್ದ ಪತ್ರಿಕೆಯ ಮುಖಪುಟದಲ್ಲಿ, ಸಂಜೆಯ ಸುದ್ದಿಯಲ್ಲಿ ಮತ್ತೆ ಮತ್ತೆ ಬರುತ್ತಿದ್ದದ್ದು ಒಂದೇ ಮಾತು: ಬ್ರಿಟನ್ ಒಕ್ಕೂಟದಲ್ಲಿ ಉಳಿದರೆ ನಿಮ್ಮ ಪಿಂಚಣಿ ಭದ್ರ, ಹೊರಬಂದರೆ ಅದರ ಗತಿ ಯಾರಿಗೆ ಗೊತ್ತು? ಮಾಜಿ ಪ್ರಧಾನಿ ಗಾರ್ಡನ್ ಬ್ರೌನ್ ಆ ಏಪ್ರಿಲ್‌ನಲ್ಲಿ ಗ್ಲಾಸ್ಗೋದಲ್ಲಿ ಮಾಡಿದ ಭಾಷಣದ ತಿರುಳೂ ಪಿಂಚಣಿಯೇ ಆಗಿತ್ತು. ಮೇ ತಿಂಗಳಲ್ಲಿ ಪಿಂಚಣಿ ಖಾತೆಯ ಮಂತ್ರಿ ಸ್ಟೀವ್ ವೆಬ್ ಸಂಸದೀಯ ಸಮಿತಿಯ ಮುಂದೆ, ಈಗಾಗಲೇ ವಂತಿಗೆ ಕಟ್ಟಿದವರಿಗೆ ಅದರಿಂದ ಕೂಡಿಬಂದ ಹಕ್ಕು ಇರುತ್ತದೆ ಎಂಬರ್ಥದ ಮಾತನ್ನಾಡಿದರು. ಹಣವನ್ನು ಲಂಡನ್ ಕೊಡುತ್ತದೆಯೋ ಸ್ಕಾಟ್ಲೆಂಡಿನ ರಾಜಧಾನಿ ಎಡಿನ್‌ಬರೋ ಕೊಡುತ್ತದೆಯೋ ಎಂಬುದು ಮಾತುಕತೆಯಲ್ಲಿ ತೀರ್ಮಾನವಾಗಬೇಕಾದ ಸಂಗತಿಯಾಗಿತ್ತು. ಇದು ನನ್ನಂತಹ ಲಕ್ಷಾಂತರ ಜನರ ಜೀವನಕ್ಕೆ ನೇರವಾಗಿ ಸಂಬಂಧಿಸಿದ ಮಾತು. ನಾನು ಇದನ್ನು ಓದಿದ್ದು ಮತದಾನವಾದ ಎರಡು ವರ್ಷಗಳ ನಂತರ.

ಮಾಧ್ಯಮಗಳು ಸುಳ್ಳು ಹೇಳಿದವು ಎಂದು ನಾನು ದೂರುತ್ತಿಲ್ಲ. ಆಗ ನಾನು ಕೇಳಿದ ಮಾತುಗಳಲ್ಲಿ ಹಸಿ ಸುಳ್ಳು ಬಹಳ ಕಡಿಮೆ. ನನ್ನ ದೂರು ಬೇರೆ. ಪ್ರಶ್ನೆಗಳೆಲ್ಲ ಒಂದೇ ದಿಕ್ಕಿಗೆ ಹೋಗುತ್ತಿದ್ದವು. ಸ್ವತಂತ್ರವಾದರೆ ಏನು ಕಳೆದುಕೊಳ್ಳುತ್ತೀರಿ ಎಂದು ನೂರು ಸಲ ಕೇಳಿದರು; ಉಳಿದರೆ ಏನಾಗುತ್ತದೆ ಎಂದು ಅಷ್ಟೇ ಗಟ್ಟಿಯಾಗಿ ಯಾರನ್ನೂ ಕೇಳಲಿಲ್ಲ. ಉಳಿಯುವುದಕ್ಕೂ ಒಂದು ಭವಿಷ್ಯವಿದೆ, ಅದರಲ್ಲೂ ಅಪಾಯಗಳಿವೆ ಎಂಬುದು ಸುದ್ದಿಯಾಗಲಿಲ್ಲ. ಯುರೋಪಿಯನ್ ಒಕ್ಕೂಟದ ವಿಷಯವನ್ನೇ ನೋಡಿ. ಅದರ ಆಯೋಗದ ಆಗಿನ ಅಧ್ಯಕ್ಷ ಬರೋಸೋ 2014ರ ಫೆಬ್ರವರಿಯಲ್ಲಿ ಬಿಬಿಸಿಗೆ ಕೊಟ್ಟ ಸಂದರ್ಶನದಲ್ಲಿ, ಸ್ವತಂತ್ರ ಸ್ಕಾಟ್ಲೆಂಡ್ ಒಕ್ಕೂಟವನ್ನು ಸೇರುವುದು ಅತ್ಯಂತ ಕಷ್ಟ, ಅಸಾಧ್ಯವೇ ಆದರೂ ಆಶ್ಚರ್ಯವಿಲ್ಲ ಎಂಬಂತೆ ಮಾತನಾಡಿದರು. ಅದು ದಿನಗಟ್ಟಲೆ ಓಡಿತು. ನಮ್ಮ ಮತದಾನವಾದ ಎರಡು ವರ್ಷದೊಳಗೆ ಬ್ರಿಟನ್ನೇ ಆ ಒಕ್ಕೂಟದಿಂದ ಹೊರಗೆ ಹೋಗುವ ತೀರ್ಮಾನ ಮಾಡಿತು. ಸ್ಕಾಟ್ಲೆಂಡಿನ ಶೇಕಡಾ 62 ಮತದಾರರು ಉಳಿಯೋಣ ಎಂದಿದ್ದರೂ ಅವರ ಮಾತು ನಡೆಯಲಿಲ್ಲ.

ಒಂದು ವಿವರವನ್ನು ಹೊಸಬರಿಗಾಗಿ ಸೇರಿಸುತ್ತೇನೆ. ಆ ದಿನ ಮತ ಹಾಕಲು ಸ್ಕಾಟ್ಲೆಂಡಿನಲ್ಲಿ ವಾಸವಾಗಿರುವುದು ಮುಖ್ಯವಾಗಿತ್ತೇ ಹೊರತು ಹುಟ್ಟು ಮುಖ್ಯವಾಗಿರಲಿಲ್ಲ. ಇಲ್ಲಿ ವಾಸಿಸುವ ಹಕ್ಕುಳ್ಳ ಕಾಮನ್‌ವೆಲ್ತ್ ದೇಶಗಳ ಪ್ರಜೆಗಳಿಗೆಲ್ಲ ಮತವಿತ್ತು. ಭಾರತದ ಪಾಸ್‌ಪೋರ್ಟನ್ನು ಬಿಡದ ನಾನು ಮತಗಟ್ಟೆಗೆ ಹೋದೆ; ಡಂಡೀಯಲ್ಲೇ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ್ದ ನನ್ನ ಹಳೆಯ ಸಹೋದ್ಯೋಗಿಗೆ ಆ ಅವಕಾಶ ಇರಲಿಲ್ಲ. ಇಷ್ಟು ದೊಡ್ಡ ಹೊಣೆಯನ್ನು ಈ ನೆಲ ನನಗೆ ಕೊಟ್ಟಾಗ ನಾನು ಅದನ್ನು ಇನ್ನಷ್ಟು ಓದಿ, ಕೇಳಿ, ಯೋಚಿಸಿ ನಿಭಾಯಿಸಬೇಕಿತ್ತು ಎಂಬ ನೋವು ಉಳಿದಿದೆ.

ಅಬರ್ಡೀನ್ ಎಂಜಿನಿಯರ್:

ಡಾಕ್ಟರೇ, ನಿಮ್ಮ ಪ್ರಾಮಾಣಿಕತೆಗೆ ಗೌರವವಿದೆ, ವಾದಕ್ಕೆ ಒಪ್ಪಿಗೆಯಿಲ್ಲ. ನಾನೂ ಇಲ್ಲ ಎಂದವನೇ, ಆದರೆ ನನ್ನ ಕಾರಣವನ್ನು ಯಾರೂ ನನ್ನ ಕೈಗೆ ಇಡಲಿಲ್ಲ. ಉತ್ತರ ಸಮುದ್ರದ ತೈಲ ಉದ್ಯಮದಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದ್ದೇನೆ. 2013ರ ನವೆಂಬರ್‌ನಲ್ಲಿ ಸ್ವತಂತ್ರ ದೇಶದ ಯೋಜನೆಯನ್ನು ವಿವರಿಸಿ ಸ್ಕಾಟಿಷ್ ಸರ್ಕಾರ ಹೊರತಂದ ಶ್ವೇತಪತ್ರವನ್ನು ಕೂತು ಓದಿದೆ. ಅದರ ಲೆಕ್ಕಾಚಾರ ನಿಂತದ್ದು ಬ್ಯಾರಲ್‌ಗೆ ಸುಮಾರು 110 ಡಾಲರ್ ಬೆಲೆಯ ಮೇಲೆ. ಮತದಾನವಾಗಿ ನಾಲ್ಕು ತಿಂಗಳಾಗುವಷ್ಟರಲ್ಲಿ, 2015ರ ಜನವರಿಯಲ್ಲಿ, ಬೆಲೆ 50 ಡಾಲರ್‌ಗಿಂತ ಕೆಳಕ್ಕೆ ಬಿತ್ತು. ನನ್ನ ಸುತ್ತಲಿನವರ ಕೆಲಸಗಳು ಹೋದವು. ಹೊಸ ದೇಶದ ಮೊದಲ ಮುಂಗಡಪತ್ರವನ್ನು ಆ ಸ್ಥಿತಿಯಲ್ಲಿ ಬರೆಯಬೇಕಾಗಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ.

ಈಚಿನ ಲೆಕ್ಕವನ್ನೂ ನೋಡಿ. ಸ್ಕಾಟಿಷ್ ಸರ್ಕಾರದ ಸಂಖ್ಯಾಶಾಸ್ತ್ರಜ್ಞರೇ ವರ್ಷವರ್ಷ ಪ್ರಕಟಿಸುವ ಆದಾಯ ವೆಚ್ಚದ ವರದಿಯ ಪ್ರಕಾರ 2023-24ರಲ್ಲಿ ಇಲ್ಲಿ ಸಂಗ್ರಹವಾದ ತೆರಿಗೆಗೂ ಇಲ್ಲಿಗಾಗಿ ಆದ ಖರ್ಚಿಗೂ ಇದ್ದ ಅಂತರ 22.7 ಶತಕೋಟಿ ಪೌಂಡ್, ಅಂದರೆ ಒಟ್ಟು ಉತ್ಪನ್ನದ ಶೇಕಡಾ 10.4, ತೈಲದ ಪಾಲನ್ನು ಸೇರಿಸಿದ ಮೇಲೂ ಇಷ್ಟು. ಇದನ್ನು ಒಂದು ವಾಹಿನಿ ಹೇಳಿದರೆ ಅದು ಪಕ್ಷಪಾತವೆ? ಕಹಿಯಾದ ಅಂಕಿಯನ್ನು ಓದಿ ಹೇಳುವವನನ್ನು ಶತ್ರುವೆಂದು ಕರೆಯುವ ಚಟ ಹೌದು ಎಂದವರ ಪಾಳೆಯದಲ್ಲಿ ಬಹಳ ಇದೆ. 2014ರ ಸೆಪ್ಟೆಂಬರ್ 14ರಂದು ಗ್ಲಾಸ್ಗೋದ ಬಿಬಿಸಿ ಕಚೇರಿಯ ಮುಂದೆ ಸಾವಿರಾರು ಜನ ಸೇರಿ ಒಬ್ಬ ವರದಿಗಾರನನ್ನು ಕೆಲಸದಿಂದ ತೆಗೆಯಿರಿ ಎಂದು ಕೂಗಿದರು. ಅದನ್ನು ನೋಡಿ ನನಗೆ ಭಯವಾಯಿತು.

ಇದು ಒಂದು ತಲೆಮಾರಿಗೊಮ್ಮೆ ಬರುವ ಅವಕಾಶ ಎಂದು ಶ್ವೇತಪತ್ರವೇ ಹೇಳಿತ್ತು. ತೀರ್ಪು ಬಂದಿದೆ. ಅದನ್ನು ಒಪ್ಪಿಕೊಂಡು ಬಾಳುವುದು ಪ್ರಜಾಪ್ರಭುತ್ವದ ಮೊದಲ ಪಾಠ.

ಗ್ಲಾಸ್ಗೋ ಕನ್ನಡತಿ:

ನಾನು ಹುಟ್ಟಿದ್ದು ಗ್ಲಾಸ್ಗೋದಲ್ಲಿ. ಅಪ್ಪ ಅಮ್ಮ ಹಾಸನದವರು. 2014ರಲ್ಲಿ ನನಗೆ 17 ವರ್ಷ. 16 ಮತ್ತು 17ರ ವಯಸ್ಸಿನವರಿಗೂ ಆ ಸಲ ಮತವಿದ್ದುದರಿಂದ ನನ್ನ ಜೀವನದ ಮೊದಲ ಮತವನ್ನು ಒಂದು ದೇಶದ ಹುಟ್ಟಿನ ಪ್ರಶ್ನೆಗೆ ಹಾಕಿದೆ. ಹೌದು ಎಂದು ಹಾಕಿದೆ. ನೋಂದಾಯಿತ ಮತದಾರರಲ್ಲಿ ಶೇಕಡಾ 84.6 ಮಂದಿ ಬಂದ ಆ ದಿನವನ್ನು ನಾನು ಮರೆಯುವುದಿಲ್ಲ.

ಡಾಕ್ಟರ್ ಅಂಕಲ್, ನಿಮ್ಮ ಬರಹ ಓದಿ ನನಗೆ ಕೋಪವೂ ಬಂತು, ಮನಸ್ಸೂ ಕರಗಿತು. ನಮ್ಮ ಮನೆಯಲ್ಲೂ ಇದೇ ಆಯಿತು. ತಾತ ಸಂಜೆ ಆರಕ್ಕೆ ಸುದ್ದಿಯ ಮುಂದೆ ಕೂತರೆ ಏಳುತ್ತಿರಲಿಲ್ಲ. ನಾನು ಫೋನಿನಲ್ಲಿ ಓದಿದ್ದನ್ನು ಹೇಳಿದರೆ ಅವರಿಗೆ ನಂಬಿಕೆ ಬರುತ್ತಿರಲಿಲ್ಲ. ಆಮೇಲೆ ಬಂದ ಅಂಕಿಗಳನ್ನು ನೋಡಿದಾಗ ಎಲ್ಲ ಸ್ಪಷ್ಟವಾಯಿತು. 16-17ರ ವಯಸ್ಸಿನವರಲ್ಲಿ ಶೇಕಡಾ 71 ಮಂದಿ ಹೌದು ಎಂದಿದ್ದರು. 65 ದಾಟಿದವರಲ್ಲಿ ಶೇಕಡಾ 73 ಮಂದಿ ಇಲ್ಲ ಎಂದಿದ್ದರು. ನಾವು ಬದುಕಬೇಕಾದ ದೇಶವನ್ನು ಹಿರಿಯರು ತೀರ್ಮಾನಿಸಿದರು.

ಸುದ್ದಿಯ ಬಗ್ಗೆ ಎಂಜಿನಿಯರ್ ಅವರಿಗೆ ಒಂದು ಮಾತು. ಆಗ ಸ್ಕಾಟ್ಲೆಂಡಿನಲ್ಲಿ ಮಾರಾಟವಾಗುತ್ತಿದ್ದ ಅಷ್ಟೊಂದು ಪತ್ರಿಕೆಗಳಲ್ಲಿ ಸ್ವಾತಂತ್ರ್ಯವನ್ನು ಬೆಂಬಲಿಸಿದ್ದು ಸಂಡೇ ಹೆರಾಲ್ಡ್ ಎಂಬ ಒಂದು ಭಾನುವಾರದ ಪತ್ರಿಕೆ ಮಾತ್ರ. ಮತದಾರರಲ್ಲಿ ನೂರಕ್ಕೆ 45 ಮಂದಿಯ ಅಭಿಪ್ರಾಯಕ್ಕೆ ವಾರದ ಆರು ದಿನ ಒಂದೂ ದಿನಪತ್ರಿಕೆ ಇರಲಿಲ್ಲ. ಇದನ್ನು ಸಮತೋಲ ಎನ್ನಬಹುದೆ? ಸ್ವಾತಂತ್ರ್ಯವನ್ನು ಬೆಂಬಲಿಸುವ ದಿನಪತ್ರಿಕೆ ದಿ ನ್ಯಾಷನಲ್ ಬಂದದ್ದು ಮತದಾನ ಮುಗಿದ ಮೇಲೆ, 2014ರ ನವೆಂಬರ್ 24ರಂದು.

ಬೆಂಗಳೂರು ಹಳೆಯ ವರದಿಗಾರ:

ಮೂವತ್ತು ವರ್ಷ ಪತ್ರಿಕೆಗಳಲ್ಲಿ ದುಡಿದು ಈಗ ಮನೆಯಲ್ಲಿದ್ದೇನೆ. ಮಗಳು ಎಡಿನ್‌ಬರೋದಲ್ಲಿ ಇರುವುದರಿಂದ ಈ ವಿಷಯವನ್ನು ಆಗಿನಿಂದಲೂ ಗಮನಿಸಿದ್ದೇನೆ.

ಮೊದಲು ಗ್ಲಾಸ್ಗೋದ ತಂಗಿಗೆ. ನೀವು ಕೊಟ್ಟ ಎರಡು ಅಂಕಿಗಳೂ ಬಂದದ್ದು ಲಾರ್ಡ್ ಆಶ್‌ಕ್ರಾಫ್ಟ್ ಅವರು ಮತದಾನದ ಬೆನ್ನಿಗೇ ನಡೆಸಿದ ಸಮೀಕ್ಷೆಯಿಂದ. ಅದರಲ್ಲಿ ಉತ್ತರಿಸಿದವರು ಒಟ್ಟು ಎರಡು ಸಾವಿರಕ್ಕೆ ತುಸು ಹೆಚ್ಚು ಮಂದಿ. ಆ ಪೈಕಿ 16 ಮತ್ತು 17ರ ವಯಸ್ಸಿನವರು ಎಷ್ಟು ಜನ ಗೊತ್ತೆ? 14. ಅವರಲ್ಲಿ 10 ಮಂದಿ ಹೌದು ಎಂದರು, 4 ಮಂದಿ ಇಲ್ಲ ಎಂದರು; ಶೇಕಡಾ 71 ಆಯಿತು. ಇನ್ನಿಬ್ಬರು ಬೇರೆ ಉತ್ತರ ಕೊಟ್ಟಿದ್ದರೆ ಶೇಕಡಾ 57 ಆಗುತ್ತಿತ್ತು. ಒಂದು ತರಗತಿಯ ಎರಡು ಬೆಂಚುಗಳಲ್ಲಿ ಕೂರಿಸಬಹುದಾದಷ್ಟು ಹುಡುಗರ ಮಾತು ಇಡೀ ಪೀಳಿಗೆಯ ಮಾತಾಗಿ ಜಗತ್ತೆಲ್ಲ ಸುತ್ತಿತು. ಹಿರಿಯರ ಗುಂಪು ಅದಕ್ಕಿಂತ ಬಹಳ ದೊಡ್ಡದು. ವಯಸ್ಸಾದವರು ಹೆಚ್ಚಾಗಿ ಇಲ್ಲ ಎಂದರು ಎಂಬುದನ್ನು ಬೇರೆ ಅಧ್ಯಯನಗಳೂ ಹೇಳುತ್ತವೆ. ಆದರೆ ತಾತ ಮೊಮ್ಮಗಳ ನಡುವೆ ಅಷ್ಟು ದೊಡ್ಡ ಕಂದರವನ್ನು ಆ ಸಮೀಕ್ಷೆಯಿಂದ ಅಗೆಯಲಾಗದು. ಈ ಅಂಕಿಯನ್ನು ಅತಿ ಉತ್ಸಾಹದಿಂದ ಹಂಚಿದವರಲ್ಲಿ ಮಾಧ್ಯಮಗಳ ಪಕ್ಷಪಾತವನ್ನು ಖಂಡಿಸುತ್ತಿದ್ದವರೂ ಇದ್ದರು ಎಂಬುದು ನನಗೆ ಬೇಸರದ ಸಂಗತಿ.

ಈಗ ಎಂಜಿನಿಯರ್ ಅವರಿಗೆ. ಬಿಬಿಸಿ ಕಚೇರಿಯ ಮುಂದಿನ ಪ್ರತಿಭಟನೆಯ ಹಿಂದಿನ ಘಟನೆಯನ್ನೂ ಹೇಳಬೇಕಿತ್ತು. ಸೆಪ್ಟೆಂಬರ್ 11ರಂದು ಎಡಿನ್‌ಬರೋದ ಪತ್ರಿಕಾಗೋಷ್ಠಿಯಲ್ಲಿ ಬಿಬಿಸಿಯ ರಾಜಕೀಯ ಸಂಪಾದಕ ನಿಕ್ ರಾಬಿನ್‌ಸನ್, ಬ್ಯಾಂಕುಗಳು ತಮ್ಮ ನೋಂದಾಯಿತ ಕಚೇರಿಯನ್ನು ಲಂಡನ್ನಿಗೆ ಸಾಗಿಸುವ ಬಗ್ಗೆ ಸ್ಕಾಟ್ಲೆಂಡಿನ ಆಗಿನ ಮುಖ್ಯಮಂತ್ರಿ ಅಲೆಕ್ಸ್ ಸ್ಯಾಮಂಡ್ ಅವರನ್ನು ಕೇಳಿದರು. ಸ್ಯಾಮಂಡ್ ಹಲವು ನಿಮಿಷ ಉತ್ತರಿಸಿದರು; ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡಿನ ಸುದ್ದಿ ಬ್ಯಾಂಕು ಪ್ರಕಟಿಸುವ ಮೊದಲೇ ಬ್ರಿಟನ್ ಸರ್ಕಾರದ ಹಣಕಾಸು ಇಲಾಖೆಯ ಕಡೆಯಿಂದ ಹೊರಬಿದ್ದದ್ದು ಹೇಗೆ ಎಂದು ತಿರುಗಿ ಕೇಳಿದರು. ಅವರ ಉತ್ತರ ಸಮಾಧಾನಕರವಾಗಿತ್ತೋ ಇಲ್ಲವೋ ಎಂಬುದು ಬೇರೆ ಮಾತು. ಅಂದು ಸಂಜೆಯ ವರದಿಯಲ್ಲಿ ಮಾತ್ರ ಅವರು ಉತ್ತರಿಸಲಿಲ್ಲ ಎಂದು ಬಂತು. ಇಡೀ ಪತ್ರಿಕಾಗೋಷ್ಠಿಯ ದೃಶ್ಯ ಅಂತರಜಾಲದಲ್ಲಿ ಇದ್ದುದರಿಂದ ನೋಡುಗರು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಹೋಲಿಸಿದರು. ವರದಿಗಾರನ ಕೆಲಸ ಕಿತ್ತುಕೊಳ್ಳಿ ಎಂದದ್ದು ತಪ್ಪು. ಅದನ್ನು ನಾನು ಯಾವ ಕಾಲಕ್ಕೂ ಸಮರ್ಥಿಸುವುದಿಲ್ಲ. ಆದರೆ ಆ ಒಂದು ವಾಕ್ಯ ನನ್ನ ಮೇಜಿಗೆ ಬಂದಿದ್ದರೆ ನಾನು ಅದನ್ನು ಹಾಗೆಯೇ ಮುದ್ರಣಕ್ಕೆ ಬಿಡುತ್ತಿರಲಿಲ್ಲ.

ವೆಸ್ಟ್ ಆಫ್ ಸ್ಕಾಟ್ಲೆಂಡ್ ವಿಶ್ವವಿದ್ಯಾಲಯದ ಸಂಶೋಧಕರೊಬ್ಬರು ಬಿಬಿಸಿ ಮತ್ತು ಎಸ್‌ಟಿವಿ ವಾಹಿನಿಗಳ ಒಂದು ವರ್ಷದ ಸಂಜೆ ಸುದ್ದಿಯನ್ನು ಪರಿಶೀಲಿಸಿ, ಇಲ್ಲ ಎನ್ನುವವರಿಗೆ ಅನುಕೂಲವಾದ ಹೇಳಿಕೆಗಳೇ ಹೆಚ್ಚಾಗಿ ಬಂದಿವೆ ಎಂದು 2014ರ ಆರಂಭದಲ್ಲಿ ವರದಿ ಮಾಡಿದರು. ಬಿಬಿಸಿ ಆ ಅಧ್ಯಯನದ ವಿಧಾನವನ್ನೇ ಪ್ರಶ್ನಿಸಿತು. ನನ್ನ ಅನುಭವ ಹೇಳುವುದಿಷ್ಟು: ಸರ್ಕಾರ, ಬ್ಯಾಂಕು, ದೊಡ್ಡ ಉದ್ಯಮ ಎಲ್ಲವೂ ಒಂದೇ ಕಡೆ ನಿಂತಾಗ ದಿನವೂ ಬೆಳಿಗ್ಗೆ ಸುದ್ದಿಮನೆಗೆ ತಲುಪುವ ಹೇಳಿಕೆಗಳೆಲ್ಲ ಅದೇ ಕಡೆಯಿಂದ ಬರುತ್ತವೆ. ಬಂದದ್ದನ್ನು ಪ್ರಾಮಾಣಿಕವಾಗಿ ಹಾಕುತ್ತ ಹೋದರೂ ತಕ್ಕಡಿ ವಾಲುತ್ತದೆ. ಅದಕ್ಕೆ ಯಾರ ಸಂಚೂ ಬೇಕಾಗಿಲ್ಲ.

ಬಳ್ಳಾರಿ ಓದುಗ:

ಎಲ್ಲವನ್ನೂ ಆಸಕ್ತಿಯಿಂದ ಓದುತ್ತಿದ್ದೇನೆ. ನನ್ನದೊಂದು ಸರಳ ಪ್ರಶ್ನೆ. ನಾವು ಬ್ರಿಟಿಷರಿಂದ ಬಿಡುಗಡೆ ಪಡೆದವರು. ಸ್ಕಾಟ್ಲೆಂಡಿನವರೂ ಅದೇ ಲಂಡನ್ನಿನಿಂದ ಬಿಡುಗಡೆ ಕೇಳುತ್ತಿದ್ದಾರೆ. ಹಾಗಿರುವಾಗ ಭಾರತೀಯ ಮೂಲದವರು ಇಲ್ಲ ಎಂದು ಮತ ಹಾಕಿದ್ದು ಹೇಗೆ?

ಡಂಡೀ ನಿವೃತ್ತ ವೈದ್ಯ:

ಬಳ್ಳಾರಿಯ ಮಿತ್ರರೇ, ಈ ಹೋಲಿಕೆಯನ್ನು ಇಲ್ಲಿಯೂ ಕೆಲವರು ಮಾಡುತ್ತಾರೆ, ನಾನು ಒಪ್ಪುವುದಿಲ್ಲ. ನಿಮ್ಮ ಊರಿನ ಹಿರಿಯರು ನೆನೆಯುವ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಥಾಮಸ್ ಮನ್ರೋ ಗ್ಲಾಸ್ಗೋದವರು. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದ ಸೇನೆಯ ಮುಂದಾಳು ಡೇವಿಡ್ ಬೇರ್ಡ್ ಸ್ಕಾಟ್ಲೆಂಡಿನವರು. ಆಮೇಲೆ ಮೈಸೂರು ಸೀಮೆಯನ್ನೆಲ್ಲ ಅಳೆದು, ನಮ್ಮ ಶಾಸನಗಳನ್ನೂ ಹಸ್ತಪ್ರತಿಗಳನ್ನೂ ಕೂಡಿಹಾಕಿದ ಕಾಲಿನ್ ಮೆಕೆಂಜಿ ಹುಟ್ಟಿದ್ದು ಲೂಯಿಸ್ ದ್ವೀಪದ ಸ್ಟೋರ್ನೊವೇಯಲ್ಲಿ. ಸ್ಕಾಟ್ಲೆಂಡ್ 1707ರಲ್ಲಿ ಇಂಗ್ಲೆಂಡಿನ ಜೊತೆಗಿನ ಒಕ್ಕೂಟಕ್ಕೆ ಬಂದದ್ದು ತನ್ನ ಸಂಸತ್ತಿನ ಒಪ್ಪಿಗೆಯಿಂದ. ಮಧ್ಯ ಅಮೆರಿಕದ ಡೇರಿಯನ್‌ನಲ್ಲಿ ಸ್ವಂತ ವಸಾಹತು ಕಟ್ಟಲು ಹೋಗಿ ಹಣವೆಲ್ಲ ಮುಳುಗಿದ ಮೇಲೆ ಇಂಗ್ಲೆಂಡಿನ ವಾಣಿಜ್ಯದಲ್ಲಿ ಪಾಲು ಸಿಗುತ್ತದೆಂಬುದೂ ಆ ಒಪ್ಪಿಗೆಗೆ ಒಂದು ಕಾರಣವಾಗಿತ್ತು. ಸಾಮ್ರಾಜ್ಯದಲ್ಲಿ ಅವರು ಪಾಲುದಾರರು. ಅವರ ಬೇಡಿಕೆ ನ್ಯಾಯವಾದದ್ದೇ ಆಗಿದ್ದರೂ ಅದು ನಮ್ಮದರಂತಹ ಬೇಡಿಕೆಯಲ್ಲ. ಇದನ್ನು ತಾವೇ ಆಳಿಕೊಳ್ಳಬೇಕೆಂಬ ಜನರ ಇಚ್ಛೆಯಾಗಿ ಮಾತ್ರ ನೋಡಬೇಕು.

ಎಂಜಿನಿಯರ್ ಅವರೇ, ತೈಲದ ಬೆಲೆಯ ವಿಷಯದಲ್ಲಿ ನೀವು ಹೇಳಿದ್ದು ಸರಿ. ಶ್ವೇತಪತ್ರ ತನ್ನ ಓದುಗರಿಗೆ ಬೆಲೆ ಎತ್ತರದಲ್ಲೇ ಉಳಿಯುವುದನ್ನು ತೋರಿಸಿತು, ಬೀಳುವುದನ್ನು ತೋರಿಸಲಿಲ್ಲ. ಅದೂ ಒಂದು ಬಗೆಯ ಪಕ್ಷಪಾತವೇ. ಕೊರತೆಯ ಅಂಕಿಯನ್ನೂ ನಾನು ಅಲ್ಲಗಳೆಯುವುದಿಲ್ಲ. ಅದು ಇಂದಿನ ವ್ಯವಸ್ಥೆಯ ಲೆಕ್ಕ, ರಕ್ಷಣೆ ಮತ್ತು ಸಾಲದ ಬಡ್ಡಿಯ ಪಾಲನ್ನೂ ಹಂಚಿ ಬರೆದ ಲೆಕ್ಕ, ಸ್ವತಂತ್ರ ದೇಶದ ಆಯ್ಕೆಗಳು ಬೇರೆಯಿರಬಹುದು ಎಂಬ ಉತ್ತರವಿದೆ. ಆ ಉತ್ತರದಲ್ಲಿ ಹುರುಳಿದೆ. ಆದರೆ ಅದರಿಂದ 10.4 ಎಂಬುದು ಸೊನ್ನೆಯಾಗುವುದಿಲ್ಲ.

ಆದರೂ ತೈಲದ ಮಾತು ಬಂದಾಗ ಇಲ್ಲಿನ ಹಿರಿಯರು ಏಕೆ ಕೆರಳುತ್ತಾರೆಂಬುದನ್ನು ನೀವು ಬಲ್ಲಿರಿ. 1974ರಲ್ಲಿ ಬ್ರಿಟನ್ ಸರ್ಕಾರದ ಸ್ಕಾಟಿಷ್ ಕಚೇರಿಯ ಅರ್ಥಶಾಸ್ತ್ರಜ್ಞ ಗ್ಯಾವಿನ್ ಮೆಕ್ರೋನ್ ಸರ್ಕಾರಕ್ಕೆ ಒಂದು ಟಿಪ್ಪಣಿ ಬರೆದರು. ಸ್ವತಂತ್ರ ಸ್ಕಾಟ್ಲೆಂಡಿಗೆ ತೈಲದಿಂದ ಮುಜುಗರವಾಗುವಷ್ಟು ದೊಡ್ಡ ಹೆಚ್ಚುವರಿ ಆದಾಯ ಬರುತ್ತದೆ, ಅದರ ನಾಣ್ಯ ಯುರೋಪಿನ ಬಲಿಷ್ಠ ನಾಣ್ಯಗಳ ಸಾಲಿಗೆ ಸೇರುತ್ತದೆ ಎಂಬುದು ಅದರ ತಿರುಳು. ಆ ಟಿಪ್ಪಣಿ ಗೋಪ್ಯವಾಗಿಯೇ ಉಳಿಯಿತು. ಮಾಹಿತಿ ಹಕ್ಕಿನ ಕಾಯ್ದೆ ಜಾರಿಗೆ ಬಂದ ಮೇಲೆ, 2005ರಲ್ಲಿ, ಅದು ಜನರ ಕೈಗೆ ಸಿಕ್ಕಿತು. ನಾನು ಅದನ್ನು ಓದಿದಾಗ ಉತ್ತರ ಸಮುದ್ರದ ಉತ್ಪಾದನೆ ಶಿಖರ ದಾಟಿ ಇಳಿಯುತ್ತಿತ್ತು.

ತೀರ್ಪನ್ನು ಒಪ್ಪಿಕೊಳ್ಳಬೇಕೆಂದಿರಿ. ಒಪ್ಪಿಕೊಂಡವನೇ ನಾನು, ಅದೂ ಎರಡು ಸಲ. 1979ರ ಮಾರ್ಚ್ 1ರಂದು, ಸ್ಕಾಟ್ಲೆಂಡಿಗೆ ಸ್ವಂತ ಶಾಸನಸಭೆ ಬೇಕೇ ಎಂಬ ಮೊದಲ ಜನಮತಗಣನೆಯಲ್ಲೂ ಮತ ಹಾಕಿದ್ದೇನೆ. ಆಗ ನಾನು ಬಂದು ಮೂರು ವರ್ಷವಾಗಿತ್ತು. ಬೇಕೆಂದವರು ಶೇಕಡಾ 51.6, ಗೆದ್ದರು. ಆದರೂ ಸೋತರು. ಮತ ಹಾಕಿದವರಲ್ಲಷ್ಟೇ ಅಲ್ಲ, ಪಟ್ಟಿಯಲ್ಲಿರುವ ಒಟ್ಟು ಮತದಾರರಲ್ಲಿ ಶೇಕಡಾ 40 ಮಂದಿ ಬೇಕೆನ್ನಬೇಕು ಎಂಬ ತಿದ್ದುಪಡಿಯನ್ನು ಜಾರ್ಜ್ ಕನ್ನಿಂಗ್‌ಹ್ಯಾಮ್ ಎಂಬ ಸಂಸದರು ಸೇರಿಸಿದ್ದರು. ಬಂದದ್ದು ಶೇಕಡಾ 32.9. ಮನೆಯಲ್ಲೇ ಉಳಿದವರೂ ಬೇಡವೆಂದವರ ಲೆಕ್ಕಕ್ಕೆ ಹೋದರು. 1997ರಲ್ಲಿ ಮತ್ತೆ ಕೇಳಿದಾಗ ಶೇಕಡಾ 74 ಮಂದಿ ಬೇಕೆಂದರು, 1999ರಲ್ಲಿ ಸಂಸತ್ತು ಬಂತು. ಮೊದಲ ತೀರ್ಪೇ ಕೊನೆಯದೆಂದು ಕೂತಿದ್ದರೆ ಇಂದಿನ ಹಾಲಿರೂಡ್, ಅಂದರೆ ಸ್ಕಾಟಿಷ್ ಸಂಸತ್ತು, ಇರುತ್ತಿರಲಿಲ್ಲ.

ವರದಿಗಾರರೇ, ಆ 14 ಹುಡುಗರ ವಿಷಯ ನನಗೆ ತಿಳಿದಿರಲಿಲ್ಲ. ಹಿರಿಯರಿಂದಲೇ ಸೋಲಾಯಿತು ಎಂಬ ಮಾತನ್ನು ಅಂಗಡಿಯಲ್ಲಿ, ಬಸ್ಸಿನಲ್ಲಿ ಕೇಳಿ ತಲೆ ತಗ್ಗಿಸಿದ್ದೇನೆ.

ಮೈಸೂರು ವಾಸಿ:

ಡಾಕ್ಟರ್, ಪಿಂಚಣಿಯ ಭದ್ರತೆಯ ಮಾತು ಓದಿ ಬರೆಯದೆ ಇರಲಾಗಲಿಲ್ಲ. ನಾನು ಬ್ರಿಟನ್ನಿನಲ್ಲಿ ದುಡಿದು 2006ರಲ್ಲಿ ಮೈಸೂರಿಗೆ ಮರಳಿದವನು. ಆ ವರ್ಷ ಬ್ರಿಟನ್ನಿನ ಪೂರ್ಣ ಮೂಲ ಪಿಂಚಣಿ ವಾರಕ್ಕೆ 84.25 ಪೌಂಡ್ ಇತ್ತು. ನನ್ನ ಸೇವೆಯ ವರ್ಷಗಳಿಗೆ ತಕ್ಕಂತೆ ಅದರಲ್ಲಿ ಒಂದು ಪಾಲು ನನಗೆ ನಿಗದಿಯಾಯಿತು. ಇಂದಿಗೂ ನನಗೆ ಬರುವುದು ಅದೇ ಪಾಲು, ಅದೇ 2006ರ ದರದಲ್ಲಿ. ನಾನು ಅಲ್ಲಿಯೇ ಉಳಿದಿದ್ದರೆ ಲೆಕ್ಕಕ್ಕೆ ಹಿಡಿಯುತ್ತಿದ್ದ ಪೂರ್ಣ ದರ 2014-15ರಲ್ಲಿ 113.10 ಪೌಂಡ್, 2024-25ರಲ್ಲಿ 169.50 ಪೌಂಡ್.

ಕಾರಣ ಇಷ್ಟೇ: ನಿವೃತ್ತರು ಭಾರತ, ಕೆನಡಾ, ಆಸ್ಟ್ರೇಲಿಯಾದಂತಹ ದೇಶಗಳಲ್ಲಿ ನೆಲೆಸಿದರೆ ಬ್ರಿಟನ್ ವಾರ್ಷಿಕ ಏರಿಕೆಯನ್ನು ಕೊಡುವುದಿಲ್ಲ, ಅಮೆರಿಕದಲ್ಲೋ ಯುರೋಪಿಯನ್ ಒಕ್ಕೂಟದ ದೇಶಗಳಲ್ಲೋ ನೆಲೆಸಿದರೆ ಕೊಡುತ್ತದೆ. ಕಟ್ಟಿದ ವಂತಿಗೆ ಎಲ್ಲರದೂ ಒಂದೇ. ಇದರ ವಿರುದ್ಧ ಹೋರಾಡಿದವರ ಅರ್ಜಿಯನ್ನು ಸ್ಟ್ರಾಸ್‌ಬರ್ಗಿನ ಮಾನವ ಹಕ್ಕುಗಳ ನ್ಯಾಯಾಲಯ 2010ರಲ್ಲಿ ತಳ್ಳಿಹಾಕಿತು. ನಾವು ಕಟ್ಟಿದ ವಂತಿಗೆಯನ್ನು ಯಾವ ಪೆಟ್ಟಿಗೆಯಲ್ಲೂ ನಮ್ಮ ಹೆಸರಿನಲ್ಲಿ ಕೂಡಿಟ್ಟಿಲ್ಲ. ಇಂದು ದುಡಿಯುವವರ ವಂತಿಗೆಯಿಂದ ಇಂದಿನ ನಿವೃತ್ತರಿಗೆ ಕೊಡುತ್ತಾರೆ. ಎಷ್ಟು ಕೊಡಬೇಕು, ಯಾರಿಗೆ ಕೊಡಬೇಕು ಎಂಬುದನ್ನು ಅಂದಂದಿನ ಸಂಸತ್ತು ತೀರ್ಮಾನಿಸುತ್ತದೆ.

ಹಾಗಾಗಿ ಒಕ್ಕೂಟದಲ್ಲಿದ್ದರೆ ಪಿಂಚಣಿ ಭದ್ರ ಎಂದು ನಿಮಗೆ ಹೇಳಿದಾಗ, ಯಾರಾದರೂ ಒಬ್ಬ ವರದಿಗಾರ ಅಷ್ಟೇ ಗಟ್ಟಿಯಾಗಿ ಕೇಳಬಹುದಿತ್ತು: ಹಾಗಾದರೆ ಮೈಸೂರಿನಲ್ಲಿರುವ ಈ ಮನುಷ್ಯನ ಪಿಂಚಣಿ ಎಂಟು ವರ್ಷದಿಂದ ಏಕೆ ಏರಿಲ್ಲ? ಸ್ವತಂತ್ರ ಸ್ಕಾಟ್ಲೆಂಡ್ ನನಗೆ ಹೆಚ್ಚು ಕೊಡುತ್ತಿತ್ತು ಎಂದು ನಾನು ಹೇಳುತ್ತಿಲ್ಲ. ಒಂದು ಕಡೆ ಖಾತರಿ, ಇನ್ನೊಂದು ಕಡೆ ಅನಿಶ್ಚಿತತೆ ಎಂದು ಬರೆದ ಚಿತ್ರವೇ ಸರಿಯಿರಲಿಲ್ಲ ಎನ್ನುತ್ತಿದ್ದೇನೆ.

ಅಬರ್ಡೀನ್ ಎಂಜಿನಿಯರ್:

ಮೈಸೂರಿನ ಹಿರಿಯರು ಹೇಳಿದ್ದು ನನಗೆ ಹೊಸದು. ಪಿಂಚಣಿ ಎಂದರೆ ಒಪ್ಪಂದವಲ್ಲ, ಸರ್ಕಾರದ ನೀತಿ ಎಂಬುದನ್ನು ಒಪ್ಪುತ್ತೇನೆ. ಆದರೆ ಅದು ಎರಡೂ ಕಡೆ ಅನ್ವಯಿಸುತ್ತದೆ. 2022ರ ಆರಂಭದಲ್ಲಿ, ಸ್ಕಾಟ್ಲೆಂಡನ್ನು ಆಳುತ್ತಿದ್ದ, ಸ್ವಾತಂತ್ರ್ಯ ಬೇಕೆನ್ನುವ ಪಕ್ಷವಾದ ಎಸ್‌ಎನ್‌ಪಿಯ ಸಂಸದೀಯ ನಾಯಕ ಇಯನ್ ಬ್ಲ್ಯಾಕ್‌ಫರ್ಡ್, ಸ್ವಾತಂತ್ರ್ಯದ ನಂತರವೂ ಲಂಡನ್ನೇ ಪಿಂಚಣಿಯ ಹೊರೆ ಹೊರುತ್ತದೆ ಎಂಬಂತೆ ಮಾತನಾಡಿದಾಗ ಅದನ್ನು ಪ್ರಶ್ನಿಸಿದ್ದೂ ಇದೇ ಮಾಧ್ಯಮಗಳು. ಆಗ ಅವು ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡಿದವು. ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಗ್ಲಾಸ್ಗೋ ಕನ್ನಡತಿ:

ವರದಿಗಾರ ಅಂಕಲ್, 14 ಜನರ ಮಾತು ಓದಿದ ಮೇಲೆ ಮೂಲ ಕೋಷ್ಟಕವನ್ನು ಹುಡುಕಿ ನೋಡಿದೆ. ನೀವು ಹೇಳಿದಂತೆಯೇ ಇದೆ. ಇಷ್ಟು ವರ್ಷ ಎಷ್ಟು ಜನರ ಮುಂದೆ ಆ ಅಂಕಿಯನ್ನು ಹೇಳಿದ್ದೇನೆ ಎಂದು ನೆನೆದು ಸಂಕಟವಾಯಿತು. ತಾತ ಈಗ ಇಲ್ಲ; ಅವರೊಂದಿಗೆ ಆ ಅಂಕಿಯನ್ನೇ ಹಿಡಿದು ಜಗಳವಾಡಿದ್ದೆ.

ಡಾಕ್ಟರ್ ಅಂಕಲ್, ನೇರವಾಗಿ ಕೇಳುತ್ತೇನೆ, ದಯವಿಟ್ಟು ನೇರವಾಗಿಯೇ ಹೇಳಿ. ಮತ್ತೊಮ್ಮೆ ಮತ ಬಂದರೆ ಏನೆಂದು ಹಾಕುತ್ತೀರಿ?

ಡಂಡೀ ನಿವೃತ್ತ ವೈದ್ಯ:

ಮಗಳೇ, ಮತ್ತೊಮ್ಮೆ ಮತ ಬರುವ ದಾರಿ ಸದ್ಯಕ್ಕೆ ಮುಚ್ಚಿದೆ. ವೆಸ್ಟ್‌ಮಿನ್‌ಸ್ಟರ್ (ಲಂಡನ್ನಿನ ಬ್ರಿಟಿಷ್ ಸಂಸತ್ತು) ಒಪ್ಪದೆ ಹಾಲಿರೂಡ್ ತಾನೇ ಜನಮತಗಣನೆಗೆ ಕಾನೂನು ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು 2022ರ ನವೆಂಬರ್ 23ರಂದು ಒಮ್ಮತದಿಂದ ಹೇಳಿದ್ದಾರೆ. 2014ರದು ನಡೆದದ್ದು ಆಗಿನ ಬ್ರಿಟಿಷ್ ಪ್ರಧಾನಿ ಕ್ಯಾಮರನ್ ಮತ್ತು ಸ್ಯಾಮಂಡ್ 2012ರ ಅಕ್ಟೋಬರ್‌ನಲ್ಲಿ ಎಡಿನ್‌ಬರೋದಲ್ಲಿ ಸಹಿ ಹಾಕಿದ ಒಪ್ಪಂದದಿಂದ. ಅಂತಹ ಸಹಿ ಇನ್ನೊಮ್ಮೆ ಯಾವಾಗ ಬೀಳುತ್ತದೆಯೋ. ಒಪ್ಪಿಗೆಯಿಂದ ಸೇರಿದ ಒಕ್ಕೂಟದಿಂದ ಒಪ್ಪಿಗೆಯಿಂದ ಹೊರಬರುವ ದಾರಿ ಯಾವುದು ಎಂಬ ಪ್ರಶ್ನೆಗೆ ಲಂಡನ್ನಿನ ಯಾವ ಸರ್ಕಾರವೂ ಉತ್ತರ ಕೊಟ್ಟಿಲ್ಲ. ನನ್ನ ಮನಸ್ಸು ಬದಲಾದದ್ದಕ್ಕೆ ಇದು ಮೊದಲ ಕಾರಣ. ಯುರೋಪಿನಿಂದ ನಮ್ಮ ಇಚ್ಛೆಗೆ ವಿರುದ್ಧವಾಗಿ ಹೊರಬಂದದ್ದು ಎರಡನೆಯದು.

ನೇರ ಉತ್ತರ ಕೇಳಿದೆ. ಇಂದು ಮತಗಟ್ಟೆಗೆ ಹೋದರೆ ಹೌದು ಎಂದು ಹಾಕುತ್ತೇನೆ. ಹೌದು ಎಂದವರ ಕಡೆಗೆ ಬಂದ ಮಾತ್ರಕ್ಕೆ ಅವರ ಮಾತನ್ನೆಲ್ಲ ನಂಬುತ್ತೇನೆಂದು ತಿಳಿಯಬೇಡ. 2023ರಿಂದ ಮೂವರು ಮುಖ್ಯಮಂತ್ರಿಗಳನ್ನು ಕಂಡ ಎಸ್‌ಎನ್‌ಪಿ ಪಕ್ಷದ ಆಡಳಿತದ ಬಗ್ಗೆ ನನಗೆ ಅಸಮಾಧಾನವಿದೆ. 2015ರಲ್ಲಿ ಬ್ರಿಟಿಷ್ ಸಂಸತ್ತಿನಲ್ಲಿ ಸ್ಕಾಟ್ಲೆಂಡಿಗಿದ್ದ 59ರಲ್ಲಿ 56 ಸ್ಥಾನ ಕೊಟ್ಟ ಜನ 2024ರಲ್ಲಿ 9ಕ್ಕೆ ಇಳಿಸಿದ್ದು ಸುದ್ದಿವಾಹಿನಿಗಳ ಪಕ್ಷಪಾತದಿಂದ ಎಂದು ಯಾರಾದರೂ ಹೇಳಿದರೆ ಅದು ಜನರ ತಿಳಿವಳಿಕೆಗೆ ಮಾಡುವ ಅವಮಾನ. ಸ್ವಾತಂತ್ರ್ಯವೂ ಒಂದು ಪಕ್ಷವೂ ಒಂದೇ ಅಲ್ಲ. ಸುದ್ದಿಯಲ್ಲಿ ಇವೆರಡನ್ನೂ ಒಂದೇ ಗಂಟಿನಲ್ಲಿ ಕಟ್ಟುವುದೂ ನನಗೆ ಒಪ್ಪಿಗೆಯಿಲ್ಲ.

ಇನ್ನು ಸುದ್ದಿಯ ಮಾತು. ಪ್ರಸಾರದ ಅಧಿಕಾರ ಇಂದಿಗೂ ವೆಸ್ಟ್‌ಮಿನ್‌ಸ್ಟರ್ ಬಳಿಯೇ ಇದೆ. ಲಂಡನ್ನಿನ ಆರು ಗಂಟೆಯ ಸುದ್ದಿಯ ಬದಲು ಲೋಕದ ಸುದ್ದಿಯನ್ನೂ ಇಲ್ಲಿಂದಲೇ ಓದುವ ವಾರ್ತೆಯೊಂದು ಬೇಕೆಂದು 1998ರಲ್ಲೇ ಕೇಳಿದ್ದರು; ಬಿಬಿಸಿ ಒಪ್ಪಲಿಲ್ಲ. 2019ರ ಫೆಬ್ರವರಿಯಲ್ಲಿ ಬಿಬಿಸಿ ಸ್ಕಾಟ್ಲೆಂಡ್ ಎಂಬ ಪ್ರತ್ಯೇಕ ವಾಹಿನಿ ಬಂದಾಗ ರಾತ್ರಿ ಒಂಬತ್ತಕ್ಕೆ ಒಂದು ಗಂಟೆಯ ವಾರ್ತೆ ಶುರುವಾಯಿತು. ಇಂಗ್ಲೆಂಡಿನ ಶಾಲೆ, ಇಂಗ್ಲೆಂಡಿನ ಆಸ್ಪತ್ರೆಯ ಸುದ್ದಿಯನ್ನು ನಮ್ಮದೆಂಬಂತೆ ಕೇಳಿ ಕೇಳಿ ದಣಿದಿದ್ದ ನನಗೆ ಅದು ಹಿಡಿಸಿತ್ತು. ನೋಡುವವರು ಕಡಿಮೆಯಾದರು, ಕೊನೆಗೆ ಅದು ನಿಂತಿತು. ನಮ್ಮ ಸುದ್ದಿಯನ್ನು ನಾವೇ ನೋಡಲಿಲ್ಲ ಎಂಬ ತಪ್ಪನ್ನು ಬೇರೆ ಯಾರ ಮೇಲೂ ಹೊರಿಸಲಾರೆ.

ನನಗೆ ಉಳಿದಿರುವ ಪ್ರಶ್ನೆ ನಾಣ್ಯದ್ದು. 2013ರಲ್ಲಿ ಸ್ಕಾಟಿಷ್ ಸರ್ಕಾರದವರು ಪೌಂಡನ್ನೇ ಹಂಚಿಕೊಳ್ಳೋಣ ಎಂದರು. 2014ರ ಫೆಬ್ರವರಿ 13ರಂದು ಬ್ರಿಟನ್ನಿನ ಹಣಕಾಸು ಮಂತ್ರಿ ಜಾರ್ಜ್ ಆಸ್ಬೋರ್ನ್ ಎಡಿನ್‌ಬರೋಗೆ ಬಂದು ಅದು ಆಗದು ಎಂದು ಹೇಳಿ ಹೋದರು. ಆಗಸ್ಟ್ 5ರ ಟಿವಿ ಚರ್ಚೆಯಲ್ಲಿ ಇಲ್ಲ ಎನ್ನುವವರ ಮುಂದಾಳು ಅಲಿಸ್ಟೇರ್ ಡಾರ್ಲಿಂಗ್, ಹಾಗಾದರೆ ನಿಮ್ಮ ಎರಡನೆಯ ದಾರಿ ಯಾವುದು ಎಂದು ಮತ್ತೆ ಮತ್ತೆ ಕೇಳಿದಾಗ ಸ್ಯಾಮಂಡ್ ಹೇಳಲಿಲ್ಲ. ಆ ಪ್ರಶ್ನೆ ಪಕ್ಷಪಾತದ ಪ್ರಶ್ನೆಯಾಗಿರಲಿಲ್ಲ, ನ್ಯಾಯವಾದ ಪ್ರಶ್ನೆಯಾಗಿತ್ತು. 2018ರಲ್ಲಿ ಬಂದ ಎಸ್‌ಎನ್‌ಪಿ ಪಕ್ಷದ ಆಯೋಗದ ವರದಿ, ಒಪ್ಪಂದವಿಲ್ಲದೆಯೇ ಕೆಲವು ವರ್ಷ ಪೌಂಡನ್ನು ಬಳಸೋಣ ಎಂದಿತು. 2022ರ ಅಕ್ಟೋಬರ್‌ನ ಸ್ಕಾಟಿಷ್ ಸರ್ಕಾರದ ಪತ್ರ, ಮೊದಲು ಪೌಂಡ್, ಪರಿಸ್ಥಿತಿ ಹದಕ್ಕೆ ಬಂದಾಗ ಸ್ವಂತ ನಾಣ್ಯ ಎಂದಿತು. ಹದಕ್ಕೆ ಬರುವ ದಿನ ಯಾವುದು, ಅಂದಿನಿಂದ ನನ್ನ ಪಿಂಚಣಿ ಯಾವ ನಾಣ್ಯದಲ್ಲಿ ಬರುತ್ತದೆ, ಎರಡು ನಾಣ್ಯಗಳ ಬೆಲೆ ಬೇರೆಯಾದರೆ ಆ ವ್ಯತ್ಯಾಸವನ್ನು ಯಾರು ತುಂಬುತ್ತಾರೆ? ಇದನ್ನು ಹಾಲಿರೂಡಿನ ನನ್ನ ಪ್ರತಿನಿಧಿಗೆ ಕಾಗದದಲ್ಲಿ ಬರೆದು ಕೇಳಿದ್ದೇನೆ. ಮೈಸೂರಿನ ಸ್ನೇಹಿತರ ಪ್ರಶ್ನೆಯನ್ನೂ ಸೇರಿಸಿ ವೆಸ್ಟ್‌ಮಿನ್‌ಸ್ಟರಿನ ಪ್ರತಿನಿಧಿಗೂ ಈ ವಾರ ಬರೆಯುತ್ತೇನೆ. ಎರಡೂ ಕಡೆಯ ಉತ್ತರ ಬಂದರೆ ಇಲ್ಲಿಯೇ ಹಾಕುತ್ತೇನೆ.

ಅಬರ್ಡೀನ್ ಎಂಜಿನಿಯರ್:

ನನ್ನ ಮತ ಇಂದಿಗೂ ಇಲ್ಲ ಎಂದೇ, ಡಾಕ್ಟರೇ. ಆದರೆ ನಾಣ್ಯದ ಪ್ರಶ್ನೆಯ ಕಾಗದಕ್ಕೆ ನನ್ನ ಸಹಿಯನ್ನೂ ಸೇರಿಸಿಕೊಳ್ಳಿ.